ಸ್ಟೇಜಿನ ಮೇಲಿನ ಗಾಜಿನ ತುಂಡು

ನಿವೃತ್ತಿಗೆ ಒಂದು ವರ್ಷ ಬಾಕಿಯಿದ್ದಾಗ ನಾನು ಕೆ.ಆರ್. ಪುರದ ಕಡೆಯ ಸಂಶೋಧನಾ ಸಂಸ್ಥೆಯೊಂದರಲ್ಲಿ ಎಕ್ಸ್-ರೇ ಲ್ಯಾಬಿನ ಹಿರಿಯ ತಾಂತ್ರಿಕ ಅಧಿಕಾರಿಯಾಗಿದ್ದೆ. ಸ್ಯಾಂಪಲ್ ಇಡುವ ಲೋಹದ ಸ್ಟೇಜಿನ ಮೇಲೆ ಒಂದು ಕಲೆ ಕಂಡರೂ ನನಗೆ ಮೈಯೆಲ್ಲ ಉರಿಯುತ್ತಿತ್ತು. ವಿದ್ಯಾರ್ಥಿಗಳು ಬೆನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಿದ್ದರೋ, ಕೇಳಲು ಹೋಗಲಿಲ್ಲ.

ರಾಯಚೂರಿನ ಸುಧಾರಾಣಿ ರಾಮಮೂರ್ತಿ ನಗರದಲ್ಲಿ ಬಾಡಿಗೆ ರೂಮು ಹಿಡಿದು ಪಿಎಚ್.ಡಿ. ಮಾಡುತ್ತಿದ್ದಳು. ಸಿಲಿಕಾನ್ ಬಿಲ್ಲೆಯ ಮೇಲೆ ಕೂದಲಿಗಿಂತ ಎಷ್ಟೋ ತೆಳುವಾದ ಥಿನ್ ಫಿಲ್ಮ್ ಲೇಪಿಸಿ, ಐದೈದು ಡಿಗ್ರಿಯಂತೆ ಕಾಯಿಸುತ್ತ ಎಕ್ಸ್-ರೇ ಹಾಯಿಸುವುದು ಅವಳ ಕೆಲಸ. ಫಿಲ್ಮಿನ ಅಣುಗಳು ಅಡ್ಡಾದಿಡ್ಡಿಯಾಗಿದ್ದರೆ ಚದುರಿದ ಕಿರಣಗಳು ಗ್ರಾಫಿನಲ್ಲಿ ಬರೀ ದಿಬ್ಬ ಮೂಡಿಸುತ್ತವೆ. ಹರಳುಗಟ್ಟಿ ಸಾಲಾಗಿ ನಿಂತರೆ ಚೂಪಾದ ಪೀಕ್ ಏಳುತ್ತದೆ. ಅವಳ ಲೆಕ್ಕದಂತೆ ಅದು 140 ಡಿಗ್ರಿಗೆ ಏಳಬೇಕು. ನಮ್ಮಲ್ಲಿ ಮೂರು ಸಲವೂ 155ಕ್ಕೇ ಎದ್ದಿತು. ಫಿಲ್ಮೇ ಸರಿಯಿಲ್ಲ, ಸೋಮವಾರದೊಳಗೆ ಸರಿಹೋಗದಿದ್ದರೆ ಆ ಅಧ್ಯಾಯ ಕೈಬಿಡು ಎಂದರು ಅವಳ ಗೈಡ್. ಎರಡು ವರ್ಷದ ದುಡಿಮೆ ನೀರುಪಾಲಾಗುವುದರಲ್ಲಿತ್ತು.

ಶನಿವಾರ ಬೆಳಿಗ್ಗೆ ಅವಳು ಸ್ಯಾಂಪಲ್ ಇಡುವುದನ್ನು ನಾನೇ ನಿಂತು ನೋಡಿದೆ. ಸ್ಟೇಜಿನ ಮೇಲೆ ಮೊದಲು ಗಾಜಿನ ತುಂಡು, ಅದರ ಮೇಲೆ ಫಿಲ್ಮ್.

"ಕೆಳಗೆ ಗ್ಲಾಸ್ ಯಾಕಮ್ಮ?"

"ಗ್ಲಾಸ್ ಇಲ್ದ ಸ್ಟೇಜ್ ಮುಟ್ಟಬಾರ್ದು ಅಂತ ನೀವೇ ಬೋರ್ಡ್ ಹಾಕೀರಲ್ರಿ ಮೇಡಂ. ಬೈತೀರಿ ಅಂತ ಅಂಜಿ ಇಟ್ಟೀನ್ರಿ."

ಸ್ಟೇಜಿಗೆ ಕಲೆಯಾಗದಿರಲೆಂದು ಆ ಬೋರ್ಡ್ ಹಾಕಿದ್ದವಳು ನಾನೇ. ತಾಪಮಾನ ಅಳೆಯುವ ಸೆನ್ಸರ್ ಇರುವುದು ಸ್ಟೇಜಿನೊಳಗೆ. ಪರದೆ ತೋರಿಸುವುದು ಕಾವಲಿಯ ಬಿಸಿ, ದೋಸೆಯದ್ದಲ್ಲ. ನಡುವೆ ಗಾಜಿದ್ದರೆ ಫಿಲ್ಮಿಗೆ ಅಷ್ಟು ಬಿಸಿ ತಲುಪುವುದಿಲ್ಲ. ಕಾಯಿಸದೆ ಅಳೆಯುವವರಿಗೆ ಗಾಜಿನಿಂದ ತೊಂದರೆಯಿರಲಿಲ್ಲ. ಇವಳಿಗೆ ಅದೇ ಮುಳುವಾಗಿತ್ತು.

ಆದರೆ ಊಹೆಯನ್ನು ಗೈಡ್ ಒಪ್ಪುವವರಲ್ಲ. ಅದಕ್ಕೆ, ಎಷ್ಟು ಬಿಸಿಗೆ ಕರಗುತ್ತದೆಂದು ಖಚಿತವಾಗಿ ಗೊತ್ತಿರುವ ಲೋಹವೊಂದನ್ನು ಇಟ್ಟು ನೋಡಿದೆ. ಇಂಡಿಯಂ ಎಂಬ ಮೆದು ಲೋಹ 156.6 ಡಿಗ್ರಿಗೆ ಕರಗುತ್ತದೆ. ಕರಗಿದೊಡನೆ ಅದರ ಪೀಕ್ ಮಾಯ. ಗಾಜಿನ ಮೇಲಿಟ್ಟು ಕಾಯಿಸಿದಾಗ ಪೀಕ್ ಮಾಯವಾದದ್ದು ಪರದೆಯಲ್ಲಿ 173 ಬಂದ ಮೇಲೆ. ಗಾಜು ತೆಗೆದೆ. ಬಿಸಿ ದಾಟಿಸುವ ಪೇಸ್ಟನ್ನು, ಆ ಹೊಳೆಯುವ ಸ್ಟೇಜಿಗೆ, ನನ್ನ ಕೈಯಾರೆ ಬಳಿದೆ. ಈ ಸಲ 157ಕ್ಕೇ ಮಾಯವಾಯಿತು.

ಆಮೇಲೆ ಅವಳ ಫಿಲ್ಮ್. 130, ದಿಬ್ಬ. 135, ದಿಬ್ಬವೇ. 140ಕ್ಕೆ ಪೀಕ್ ಎದ್ದು ನಿಂತಿತು.

"ಬಂತ್ರಿ ಮೇಡಂ, ಬಂತು!" ಎಂದು ಪೇಸ್ಟ್ ಮೆತ್ತಿದ್ದ ನನ್ನ ಕೈಯನ್ನೇ ಹಿಡಿದು ಕುಣಿದಳು. ನಾನೂ ಕುಣಿದೆ, ಈ ವಯಸ್ಸಿನಲ್ಲಿ.

ಸೋಮವಾರ ಗೈಡ್ ಗ್ರಾಫುಗಳನ್ನು ನೋಡಿ, ಅಧ್ಯಾಯ ಇರಲಿ ಎಂದರು. "ಹಾಗಾದ್ರೆ ತಪ್ಪು ಯಾರದ್ದು?"

"ನನ್ನದು ಸಾರ್," ಎಂದೆ.

ಅಂದೇ ಬೋರ್ಡ್ ಕಿತ್ತುಹಾಕಿದೆ. ಹೆದರಿಸಿ ಪಾಲಿಸುವಂತೆ ಮಾಡಿದ ನಿಯಮ ತಪ್ಪಾದರೆ, ಅದನ್ನು ಯಾರೂ ಬಂದು ಹೇಳುವುದಿಲ್ಲ ಎಂಬುದನ್ನು ಕಲಿಯಲು ನನಗೆ ಇಡೀ ಸರ್ವಿಸ್ ಬೇಕಾಯಿತು. ಸ್ಟೇಜಿನ ಅಂಚಿನಲ್ಲಿ ಪೇಸ್ಟಿನದೊಂದು ಸಣ್ಣ ಕಲೆ ಉಳಿಯಿತು. ನಿವೃತ್ತಳಾಗುವ ದಿನದವರೆಗೂ ನಾನು ಅದನ್ನು ಉಜ್ಜಲಿಲ್ಲ.