ಹವೇಲಿಯ ಪಡಸಾಲೆಗೆ ತೂಗುದೀಪ

ಶಹಾಪುರದ ಆ ಹಳೆಯ ಹವೇಲಿಗೆ ಮೊದಲ ಸಲ ಕಾಲಿಟ್ಟಾಗ ನನಗೆ ಇಪ್ಪತ್ತೊಂದು ವರ್ಷ. ನಿಜಾಮರ ಆಳ್ವಿಕೆ ಮುಗಿದು, ಕಚೇರಿಗಳಲ್ಲಿ ಉರ್ದು ಹಿಂದೆ ಸರಿದು ಕನ್ನಡ ಬರತೊಡಗಿದ್ದ ಕಾಲ. ಹೆಂಗಸರಿಗೆ ಅಕ್ಷರ ಕಲಿಸಲು ಯಾದಗಿರಿಯಿಂದ ನನ್ನನ್ನು ಕಳಿಸಿದ್ದರು. ನಿಜಾಮರ ರಾಜ್ಯ ಬೀಳುವಾಗ ಎದ್ದ ಗದ್ದಲದ ವರ್ಷದಲ್ಲಿ ಹೈದರಾಬಾದಿಗೆ ಹೋದ ಮಾಲೀಕರು ತಿರುಗಿ ಬಂದಿರಲಿಲ್ಲ. ಖಾಲಿ ಬಿದ್ದ ಪಡಸಾಲೆಯೇ ನಮ್ಮ ಶಾಲೆ.

ಹೊಲದಿಂದ ಬಂದು, ರೊಟ್ಟಿ ಬಡಿದಿಟ್ಟು, ದೀಪ ಹಚ್ಚುವ ಹೊತ್ತಿಗೆ ಹನ್ನೊಂದು ಹೆಂಗಸರು ಬರುತ್ತಿದ್ದರು. ಸೂರು ನಾಲ್ಕಾಳು ಎತ್ತರ. ನೆಲದ ಮೇಲಿಟ್ಟ ಕಂದೀಲಿನ ಬೆಳಕು ಮೊಣಕಾಲಿನಿಂದ ಮೇಲೆ ಏರುತ್ತಿರಲಿಲ್ಲ. ಅವರು ಕಂದೀಲಿನ ಸುತ್ತ ಕೂರುತ್ತಲೂ ಇರಲಿಲ್ಲ. ಎಲ್ಲರೂ ಗೋಡೆಗೆ ಬೆನ್ನು ಹಚ್ಚಿ ಒಂದೇ ಮೂಲೆಯಲ್ಲಿ ಒತ್ತಿಕೊಂಡು ಕೂರುವರು. ಪಾಟಿಯ ಮೇಲೆ ಏನು ಬರೆದಿದ್ದಾರೆಂದು ನನಗೂ ಕಾಣದು, ಅವರಿಗೂ ಕಾಣದು.

"ಮುಂದ ಬರ್ರಿ, ಯಾರೂ ಇಲ್ಲ ಇಲ್ಲಿ," ಎಂದೆ.

"ಹಿಂದ ಕತ್ತಲಿ ಅದರಿ ಅಕ್ಕೋರ," ಎಂದಳು ಕುರಿ ಕಾಯುವ ಮನೆಯ ಹೆಣ್ಣುಮಗಳು. "ಬೆನ್ನಿಗಿ ಕತ್ತಲಿ ಬಿಟ್ಟು ಕೂಡಾಕ ಆಗವಲ್ದು."

ಗದ್ದಲದಲ್ಲಿ ಅವಳು ಅತ್ತೆಯೊಂದಿಗೆ ಜೋಳ ತುಂಬಿಡುವ ನೆಲದಡಿಯ ಹಗೇವಿನೊಳಗೆ ಎರಡು ದಿನ ಅಡಗಿದ್ದಳಂತೆ. ತಲೆಯ ಮೇಲೆ ಹೆಜ್ಜೆ ಸಪ್ಪಳ ಕೇಳುತ್ತಿತ್ತಂತೆ. ಅದನ್ನು ಕೇಳಿದ ಮೇಲೆ ನಾನೂ ಬರೆಸುತ್ತ ಬರೆಸುತ್ತಲೇ ಹಿಂತಿರುಗಿ ನೋಡುತ್ತಿದ್ದೆ.

ಬೆಳಕು ಮೇಲಿದ್ದರೆ ಎಲ್ಲ ಸರಿಹೋದೀತೆಂದು ಯಾದಗಿರಿಗೆ ಹೋದೆ. ಅಂಗಡಿಯವನು ಇರುವುದರಲ್ಲೇ ದೊಡ್ಡ ಗ್ಯಾಸ್ ಬತ್ತಿ ತೋರಿಸಿದ. "ಮದವಿ ಮನಿ ಬೆಳಗತದ್ರಿ ಇದು, ನಿಮ್ಮ ಪಡಸಾಲಿ ಯಾವ ಲೆಕ್ಕ?" ಎಂದ. ಅದನ್ನೇ ತಂದೆ. ನಡುತೊಲೆಯಲ್ಲಿ ಹಿಂದೆ ಗಾಜಿನ ದೊಡ್ಡ ದೀಪ ತೂಗುತ್ತಿದ್ದ ಕಬ್ಬಿಣದ ಬಳೆ, ಅದಕ್ಕೊಂದು ಗಾಲಿ, ಹಗ್ಗ ಇನ್ನೂ ಇದ್ದವು. ಎಳೆದು ಸೂರಿನವರೆಗೆ ಏರಿಸಿದೆವು.

ಸೂರು ಝಗ್ಗೆಂದಿತು. ಆದರೆ ಕೆಳಗೆ ನಮ್ಮ ನೆರಳುಗಳು ನಮ್ಮ ಪಾಟಿಗಳ ಮೇಲೆಯೇ ಬಿದ್ದವು. ಬತ್ತಿಯ ಭುಸ್ಸೆನ್ನುವ ಸದ್ದಿನಲ್ಲಿ ಬಾಗಿಲ ಕಡೆ ಯಾರು ಬಂದರೂ ಕೇಳದು. ಹೆಂಗಸರು ಇನ್ನಷ್ಟು ಮುದುಡಿದರು. ನಾನು ಹಟ ಹಿಡಿದು ಅವರನ್ನು ಬತ್ತಿಯ ಕೆಳಗೇ ಕೂಡಿಸಿದೆ. ನಾಲ್ಕೈದು ಸಂಜೆ ಹಾಗೆಯೇ ನಡೆಯಿತು. ಒಂದು ಸಂಜೆ ಒಬ್ಬಳು ಪಾಟಿ ಒರೆಸುತ್ತ, "ಮ್ಯಾಲಿಂದ ಏನೋ ಉದರಾಕತ್ತದರಿ," ಎಂದಳು. ಬೆರಳಲ್ಲಿ ಮುಟ್ಟಿ ನೋಡಿದೆ, ನುಣ್ಣನೆಯ ಪುಡಿ. ಸುಣ್ಣವಿರಬೇಕೆಂದೆ. ಆದರೂ ಅಂದು ಪಾಠ ಬೇಗ ಮುಗಿಸಿದೆ. ಮನೆಗೆ ಹೋದರೂ ಆ ಪುಡಿ ಕಣ್ಣ ಮುಂದೆಯೇ ಇತ್ತು.

ಹವೇಲಿಯಲ್ಲಿ ದೀಪ ಹಚ್ಚುತ್ತಿದ್ದ ಮುದುಕನೊಬ್ಬ ಎರಡು ಓಣಿ ಆಚೆ ಇದ್ದಾನೆ, ಅವನನ್ನೇ ಕೇಳೋಣವೆಂದು ಕುರಿಯವರ ಮನೆಯವಳು ಅಂದೇ ಹೇಳಿದ್ದಳು. ಮರುದಿನ ಮಧ್ಯಾಹ್ನ ಇಬ್ಬರೂ ಹೋದೆವು. ಅವನು ಬಾಗಿಲನ್ನು ಅರ್ಧ ಮಾತ್ರ ತೆರೆದ.

"ನಾ ಹೊರಗ ಬಂದು ವರ್ಷ ಆತ್ರಿ. ಗದ್ದಲದಾಗ ನಮ್ಮ ಮಂದ್ಯಾಗ ಇಬ್ಬರು ಹೊರಗ ಹೋದವ್ರು ಬರಲೇ ಇಲ್ಲ," ಎಂದ. "ನನಗ ಅಂಜಿಕಿ ಆಗ್ತದ."

"ನನಗೂ ಆಗ್ತದ ಕಾಕಾ," ಎಂದಳು ಅವಳು. "ನಡಿ, ಇಬ್ಬರೂ ಅಂಜಕೋತನ ಹೋಗೂನು."

ಅವಳು ಮುಂದೆ, ಅವನು ನಡುವೆ, ನಾನು ಹಿಂದೆ. ಪ್ರತಿ ತಿರುವಿನಲ್ಲಿ ಅವನು ನಿಲ್ಲುತ್ತಿದ್ದ. ಪಡಸಾಲೆಗೆ ಬಂದವನು ನೆಲದ ಪುಡಿಯನ್ನು ಅಂಗೈಯಲ್ಲಿ ಉಜ್ಜಿ ಮೂಸಿದ.

"ಸುಣ್ಣಲ್ರಿ ಇದು, ಕಟಿಗಿ ಹಿಟ್ಟು. ತೊಲಿ ಹುಳ ತಿಂದದ. ಇಬ್ಬರೂ ಬಾಗಲದಾಗ ನಿಂದರ್ರಿ."

ಗೋಡೆಗೆ ಒತ್ತಿ ನಿಂತು ಹಗ್ಗ ಬಿಚ್ಚಿದ. ಮೆಲ್ಲಗೆ ಒಂದು ಮೊಳ ಇಳಿಸಿದನೋ ಇಲ್ಲವೋ, ಮೇಲೆ ಕರ್ ಎಂದಿತು. ಬಳೆ, ಗಾಲಿ, ಬತ್ತಿ ಎಲ್ಲ ಒಟ್ಟಿಗೆ ಕಲ್ಲುನೆಲಕ್ಕೆ ಅಪ್ಪಳಿಸಿದವು. ಧೂಳು ತಗ್ಗಿದಾಗ ನೋಡಿದೆ: ಕಬ್ಬಿಣ ಬಿದ್ದದ್ದು ಹಿಂದಿನ ಸಂಜೆ ಹೆಂಗಸರನ್ನು ನಾನೇ ಹಟದಿಂದ ಕೂಡಿಸಿದ್ದ ಜಾಗದಲ್ಲಿ.

"ಸೂರಿಗ್ಯಾಕ ಬೇಕ್ರಿ ಬೆಳಕು? ಅದೇನು ಓದತದ?" ಎಂದ ಮುದುಕ. "ಎತ್ತರ ಇದ್ದಷ್ಟೂ ದೀಪ ತಗ್ಗಸಬೇಕು. ಒಂದು ದೊಡ್ಡದ್ಕಿಂತ ಮೂರು ಸಣ್ಣವು ಚಲೋ. ನೆರಳು ಒಂದಕ್ಕೊಂದು ತಿಂತಾವ."

ಅವನು ಹೇಳಿದಂತೆಯೇ ಮಾಡಿದೆವು. ಆ ತೊಲೆಯ ಗೊಡವೆಗೂ ಅದರ ಕೆಳಗಿನ ಜಾಗಕ್ಕೂ ಹೋಗದೆ, ಕಲ್ಲುಗೋಡೆಯಲ್ಲಿ ಹೂತ ಕಬ್ಬಿಣದ ತೋಳುಗಳಿಂದ ಉದ್ದ ಸರಪಳಿ ಇಳಿಬಿಟ್ಟು, ನಿಂತ ಹೆಂಗಸಿನ ತಲೆಗೆ ತಾಕದಷ್ಟು ಎತ್ತರಕ್ಕೆ ಮೂರು ಕಂದೀಲು ತೂಗಿಸಿದೆವು. ಪ್ರತಿಯೊಂದರ ಮೇಲೆ ಬೆಳಕನ್ನು ಕೆಳಗೆ ದೂಡುವ ತಗಡಿನ ತಟ್ಟೆ. ತೂಗಿಸುವ ಮೊದಲು, ಭಾರ ತಾಳುತ್ತದೆಯೇ ಎಂದು ನೋಡಲು, ಪ್ರತಿ ತೋಳಿಗೂ ಅರ್ಧ ಚೀಲ ಜೋಳ ಕಟ್ಟಿ ಒಂದು ದಿನ ಬಿಟ್ಟೆವು. ಮೂರರಲ್ಲಿ ಒಂದು ಬಾಗಿಲ ಹತ್ತಿರವೇ ಇರಲಿ ಎಂದು ಹೆಂಗಸರೆಲ್ಲ ಒಟ್ಟಾಗಿ ಕೇಳಿದರು.

ಮೊದಲ ವಾರ ಯಾರೂ ಗೋಡೆ ಬಿಡಲಿಲ್ಲ. ಆಮೇಲೆ ಕುರಿಯವರ ಮನೆಯವಳು ಒಂದು ಮೊಳ ಮುಂದೆ ಬಂದು ಕೂತಳು. ಉಳಿದವರು ಅವಳ ಬೆನ್ನಿಗೆ ಸರಿದರು.

ದೀಪ ಹಚ್ಚಲು ಮುದುಕನೇ ಬರುತ್ತಿದ್ದ. ದಿನವೂ ಅವಳೇ ಹೋಗಿ ಕರೆತರುವಳು. ಒಮ್ಮೆ ಅವಳಿಗೆ ಜ್ವರ. ಅಂದು ದೀಪ ಹಚ್ಚುವವರಿಲ್ಲವೆಂದು ನಾನೇ ಕಡ್ಡಿ ಗೀರುತ್ತಿರುವಾಗ ಮುದುಕ ಒಬ್ಬನೇ ಒಳಗೆ ಬಂದ. ಎರಡೂ ಓಣಿ ಓಡಿಕೊಂಡೇ ಬಂದಿದ್ದ. ಉಸಿರು ಸಿಗದೆ ಬಾಗಿಲ ಬಳಿ ಕೂತ. ಒಬ್ಬ ಹೆಂಗಸು ಎದ್ದು ತಂಬಿಗೆಯಲ್ಲಿ ನೀರು ಕೊಟ್ಟಳು. ನಾನು ಕಡ್ಡಿ ಆರಿಸಿದೆ. ಅವನೇ ಎದ್ದು ದೀಪ ಹಚ್ಚುವವರೆಗೆ ನಾವೆಲ್ಲ ಮಬ್ಬಿನಲ್ಲೇ ಕೂತು ಕಾದೆವು.