ಬೀಸುಕಲ್ಲಿಗೆ ಬರುತ್ತಿದ್ದ ಕೆಂಪು

ಲಿಂಗಸುಗೂರಿನ ನಮ್ಮ ಓಣಿಯಲ್ಲಿ ಆಗ ಗಡಿಯಾರವಿದ್ದ ಮನೆ ಒಂದೋ ಎರಡೋ. ನಿಜಾಮರ ಆಡಳಿತ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ನನಗೆ ಹತ್ತು ತುಂಬಿತ್ತು. ನಮ್ಮ ತಲೆಬಾಗಿಲು ಪೂರ್ವಕ್ಕೆ, ಅದರ ಮೇಲೆ ಕೆಂಪು ಗಾಜಿನ ಕಿಂಡಿ. ಬೆಳಗಿನ ಬಿಸಿಲಿಗೆ ಪಡಸಾಲೆಯ ಗೋಡೆಯ ಮೇಲಿಂದ ಒಂದು ಕೆಂಪು ತುಣುಕು ಇಳಿಯುತ್ತ ಇಳಿಯುತ್ತ ಬೀಸುಕಲ್ಲಿಗೆ ಬಂತೆಂದರೆ, ಅಪ್ಪನ ತಾಯಿ, ನಮ್ಮ ಆಯಿ, ರೊಟ್ಟಿಗೆ ಹಂಚಿಡಲು ಅವ್ವನಿಗೆ ಹೇಳುತ್ತಿದ್ದಳು. ಪೊರೆ ಬಂದ ಆಕೆಯ ಕಣ್ಣಿಗೆ ನಮ್ಮ ಮುಖಗಳೆಲ್ಲ ಮಸುಕು. ಆ ಕೆಂಪೊಂದು ಮಾತ್ರ ಕಾಣುತ್ತಿತ್ತು. ಇದು ನನಗೊಬ್ಬಳಿಗೇ ಗೊತ್ತು. ಉಳಿದವರು ಮುದುಕಿಗೆ ಹೊತ್ತು ತಾನಾಗಿ ತಿಳಿಯುತ್ತದೆ ಅಂದುಕೊಂಡಿದ್ದರು.

ಒಂದು ಮಧ್ಯಾಹ್ನ ಅಂಗಳದಲ್ಲಿ ನಾನು ಹೊಡೆದ ಚಿಣ್ಣಿದಾಂಡಿನ ಚಿಣ್ಣಿ ಹೋಗಿ ಆ ಗಾಜಿಗೇ ಬಡಿದು ಅದನ್ನು ಒಡೆಯಿತು. ಅಪ್ಪ ಹೊಲದಿಂದ ಬರುವುದರೊಳಗೆ ಕಿಂಡಿ ತುಂಬಬೇಕಿತ್ತು. ದೇವರ ಪಟಗಳಿಗೆ ಕಟ್ಟು ಹಾಕುವ ಖಾದರ್ ಚಾಚಾನ ಅಂಗಡಿಗೆ ಓಡಿದೆ. ಕೆಂಪು ಇರಲಿಲ್ಲ, ಯಾರದೋ ಹಳೆಯ ಕಪಾಟಿನ ನೀಲಿ ಗಾಜಿತ್ತು. ನಾನೇ ಕೊಯ್ಯುತ್ತೇನೆಂದು ಹಟ ಹಿಡಿದೆ. ಚಾಚಾ ನಗುತ್ತ ವಜ್ರದ ಮೊನೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಕೈಗೆ ಕೊಟ್ಟ.

"ನೋಡು ಬೇಟಿ, ಗಾಜಿಗೆ ಒಂದ ಸಲ ಹೇಳಬೇಕು. ಅದ ಗೆರಿ ಮ್ಯಾಲ ಎರಡನೇ ಸಲ ಹ್ವಾದ್ರ ಎಲ್ಲಿ ಬೇಕಲ್ಲಿ ಸೀಳ್ತದ."

ಎರಡು ಚೂರು ಹಾಳಾದವು. ಮೂರನೆಯ ಸಲ ಗೆರೆ ಸಣ್ಣಗೆ ಕಿರ್ರೆಂದಿತು, ಕೆಳಗಿನಿಂದ ತಟ್ಟಿದೊಡನೆ ಗಾಜು ನೆಟ್ಟಗೆ ಬಿಟ್ಟುಕೊಂಡಿತು. ಆ ಕ್ಷಣದಲ್ಲಿ ತಪ್ಪು ಮಾಡಿ ಬಂದವಳೆಂಬುದೇ ನನಗೆ ಮರೆತುಹೋಯಿತು. ಚಾಚಾ ಬಂದು ಕೂಡಿಸಿಕೊಟ್ಟ. ಅವ್ವ ನೋಡಿದಳು, ಅಪ್ಪನ ಸಿಟ್ಟಿಗೆ ಹೆದರಿ ಯಾರಿಗೂ ಹೇಳಲಿಲ್ಲ. ಅಪ್ಪ ನಸುಕಿಗೇ ಹೊಲಕ್ಕೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ, ಅವನ ಕಣ್ಣಿಗೆ ಬೀಳಲಿಲ್ಲ.

ಮರುದಿನ ನೀಲಿ ಬೆಳಕು ಬೀಸುಕಲ್ಲು ದಾಟಿಹೋದರೂ ಆಯಿ ಸುಮ್ಮನೆ ಕೂತಿದ್ದಳು. ಮೋಡ ಆಗ್ಯಾವೇನು ಎಂದು ಕೇಳಿದಳು. ಮೂರನೆಯ ದಿನ ಅದನ್ನೂ ಕೇಳಲಿಲ್ಲ. ನನಗೆ ಎಲ್ಲ ಅರ್ಥವಾಗುತ್ತಿತ್ತು, ಅಪ್ಪನ ಕೈ ನೆನೆದರೆ ಬಾಯಿ ಬರುತ್ತಿರಲಿಲ್ಲ. ನಾಲ್ಕನೆಯ ದಿನ ಆಯಿ ಸೊಂಟದ ಕೀಲಿಕೈ ಗೊಂಚಲು ಬಿಚ್ಚಿ ಅವ್ವನ ಮುಂದಿಟ್ಟಳು.

"ತಗೋ ಬೇ. ನನ್ನ ಕಣ್ಣು ಪೂರಾ ಹ್ವಾದುವು. ಮನಿ ಇನ್ನ ನಿಂದು."

ಅವ್ವ ಸೆರಗು ಬಾಯಿಗೆ ಹಿಡಿದಳು. ನಾನು ಆಯಿಯ ಮಡಿಲಿಗೆ ಬಿದ್ದೆ.

"ಕೆಂಪು ಗಾಜು ನಾನ ಒಡದೀನಿ ಆಯಿ. ಈಗಿರೋದು ನೀಲಿ."

ಆಯಿ ನೆಲ ತಡಕಾಡಿ ಗೊಂಚಲು ವಾಪಸು ತೆಗೆದುಕೊಂಡಳು.

"ಒಡದೀ? ನಾಕ ದಿನ ಕುರುಡಿ ಮಾಡಿ ಕುಂದ್ರಿಸಿದ್ಯಲ್ಲ ಹುಚ್ಚಿ, ಮೊದಲ ಹೇಳಬಾರದೇನು?"

ಗೋಡೆ ಹಿಡಿದು ತಾನೇ ಹೋಗಿ ಉಗ್ರಾಣ ತೆರೆದು, ಬೆಲ್ಲದ ಚೂರು ತಂದು ನನ್ನ ಬಾಯಿಗಿಟ್ಟಳು. ಅಪ್ಪನಿಗೂ ಆಕೆಯೇ ಹೇಳಿದಳು, ಅವನು ಕೈಯೆತ್ತಲಿಲ್ಲ. ಹೈದರಾಬಾದಿನಿಂದ ಕೆಂಪು ಗಾಜು ಬರಲು ಎರಡು ತಿಂಗಳು ಹಿಡಿಯಿತು. ಅದನ್ನೂ ನಾನೇ ಕೊಯ್ದೆ. ಆಮೇಲೆ ಚಾಚಾನ ಅಂಗಡಿಯ ಚೂರುಪಾರು ಕೂಡಿಸಿ ಗಿಳಿ, ಹೂವು ಮಾಡುವ ಹುಚ್ಚು ಹಿಡಿದದ್ದು ಇನ್ನೂ ಬಿಟ್ಟಿಲ್ಲ.

ಈಗ ನನ್ನ ಮೇಜಿನ ಮೇಲೆ ಬೇಕಾದ ಬಣ್ಣದ ಗಾಜಿದೆ, ಜೋಡಿಸಲು ಸೀಸದ ಪಟ್ಟಿಯಿದೆ. ಕೈ ನಡುಗಿ ಒಂದು ಒಡೆದರೆ ಮೊಮ್ಮಕ್ಕಳು ಬಂದು ಜೋಪಾನ ಎನ್ನುತ್ತಾರೆ, ಕಸಬರಿಗೆ ತರುತ್ತಾರೆ. ಒಳ್ಳೆಯವರೇ. ಆದರೆ ನಾನು ಗಾಜು ಒಡೆದೆನೆಂದು ಕೇಳಿ ಆಯಿಯ ಹಾಗೆ ಹೋದ ಜೀವ ಬಂದಂತಾಗುವವರು ಯಾರೂ ಉಳಿದಿಲ್ಲ.