ಸರ್ ತೋರಿಸಿದ ಕಂದು ಕೊಬ್ಬು

ಆಗತಾನೇ ಹುಟ್ಟಿದ ಕೂಸಿನ ಮೈಗೆ ಒಂದು ಹಸಿ ವಾಸನೆ ಇರುತ್ತದೆ. ಯಾದಗಿರಿಯ ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ಇಷ್ಟು ವರ್ಷ ಕಳೆದರೂ ಆ ವಾಸನೆ ನನಗೆ ಹಳತಾಗಿಲ್ಲ. ಮೊನ್ನೆ ಚಳಿಯ ಬೆಳಿಗ್ಗೆ ಒಂದು ಕೂಸನ್ನು ಒರೆಸಿ ಬಟ್ಟೆ ಸುತ್ತುತ್ತಿದ್ದೆ. ಪಕ್ಕದಲ್ಲಿದ್ದ ಅದರ ಅಜ್ಜಿ, "ಸಿಸ್ಟರ್ರ, ನಮಗ ಹಲ್ಲು ಕಟಕಟ ಅನ್ನಾಕತ್ತಾವ, ಇದು ಯಾಕ ನಡಗವಲ್ದು?" ಎಂದು ಕೇಳಿದಳು. ಕೂಸಿಗೆ ನಮ್ಮ ಹಾಗೆ ನಡುಗಲು ಬರುವುದಿಲ್ಲ, ಅದರ ಬೆನ್ನಲ್ಲಿ ಕಂದು ಕೊಬ್ಬು ಇರುತ್ತದೆ, ಅದು ಒಳಗೇ ಉರಿದು ಮೈ ಕಾಯಿಸುತ್ತದೆ, ಆದರೂ ನಾವು ಹೊದಿಸಲೇಬೇಕು ಎಂದು ಹೇಳುತ್ತಾ ಹೋದೆ. ಹೇಳುವಾಗಲೇ ಗೊತ್ತಾಯಿತು, ಅದು ನಮ್ಮ ಬಯಾಲಜಿ ಸರ್ ಹೇಳಿದ ಮಾತು...

ನಾನು ಸುರಪುರದಲ್ಲಿ ಪಿಯುಸಿ ಓದುವಾಗ ಅವರು ನಮ್ಮ ಕಾಲೇಜಿಗೆ ಬಂದರು. ಹಣೆ ತುಂಬ ವಿಭೂತಿ, ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಹೊಟ್ಟೆ. ಕೊಬ್ಬಿನ ಪಾಠ ಬಂದ ದಿನ ಆ ಹೊಟ್ಟೆಯನ್ನೇ ತಟ್ಟಿಕೊಂಡು, "ಇದು ಬಿಳಿ ಕೊಬ್ಬು. ಕೂಡಿಡೋದಷ್ಟ ಇದರ ಕೆಲಸ. ಅತೀ ಆತಂದ್ರ ಸಕ್ಕರಿ ಬ್ಯಾನಿ ತರತೈತಿ," ಎಂದು ನಗಿಸಿದರು. ಕಂದು ಕೊಬ್ಬು ಹಾಗಲ್ಲ, ಅದು ಕೂಡಿಟ್ಟದ್ದನ್ನು ಸುಟ್ಟು ಶಾಖ ಮಾಡುತ್ತದೆ, ಎಳೆಗೂಸಿನ ಹೆಗಲ ನಡುವೆ, ಮೂತ್ರಪಿಂಡದ ಸುತ್ತ ಇರುತ್ತದೆ, ಬೆಳೆದಂತೆ ಕಡಿಮೆಯಾಗುತ್ತದೆ ಎಂದರು. ಪುಸ್ತಕದ ಚಿತ್ರದಲ್ಲಿ ಎರಡೂ ಒಂದೇ ಬಣ್ಣ. ಅದರಿಂದ ಅವರಿಗೆ ಸಮಾಧಾನವಾಗಲಿಲ್ಲ.

ನಮ್ಮಪ್ಪನದು ಮಟನ್ ಅಂಗಡಿ. ಕಾಲೇಜಿನಲ್ಲಿ ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, "ವ್ಯಾಪಾರ" ಎಂದಷ್ಟೇ ಹೇಳುತ್ತಿದ್ದೆ. ಬಟ್ಟೆಗೆ ಅಂಗಡಿಯ ವಾಸನೆ ಹತ್ತಿದೆಯೋ ಏನೋ ಎಂದು ಮೂಸಿ ನೋಡಿಕೊಂಡು, ಪೌಡರ್ ಸುರಿದುಕೊಂಡು ಹೋಗುತ್ತಿದ್ದೆ. ಆದರೆ ಸರ್ ಬಾಡಿಗೆಗೆ ಹಿಡಿದ ಖೋಲಿ ನಮ್ಮ ಅಂಗಡಿಯ ಹಿಂದಿನ ಓಣಿಯಲ್ಲೇ ಇತ್ತು. ಒಂದು ದಿನ ಲ್ಯಾಬಿನ ಹೊರಗೆ ನಿಲ್ಲಿಸಿ, "ತಂಗಿ, ಹುಟ್ಟಿದ ಮರೀದು ಕೊಬ್ಬು ಸಿಕ್ಕೀತೇನು, ನಿಮ್ಮಪ್ಪಾಗ ಕೇಳತಿಯೇನು?" ಎಂದರು. ಇವರಿಗೆ ಗೊತ್ತಿದೆಯಲ್ಲ ಎಂದು ನೆಲ ನೋಡುತ್ತಾ ನಿಂತೆ. ಮನೆಯಲ್ಲಿ ಕೇಳಿದರೆ ಅಪ್ಪ ಗದರಿದ. "ಎಳೀ ಮರಿ ಕೊಯ್ಯೋ ಮಂದಿ ಅಲ್ಲ ನಾವು."

ಅಪ್ಪ ಸಂತೆಯಲ್ಲಿ ಆಡು ಕೊಳ್ಳುವಾಗ ಅದರ ಹೊಟ್ಟೆಯ ಕೆಳಗೆ ಅಂಗೈ ಒತ್ತಿ ನೋಡುತ್ತಿದ್ದ, ಗಬ್ಬ ಇದೆಯೋ ಇಲ್ಲವೋ ಎಂದು. ಗಬ್ಬದ ಆಡಿಗೆ ಕತ್ತಿ ಹಾಕಿದವನನ್ನು ನಮ್ಮ ಕಡೆ ದೇವರ ಮರಿ ಕೊಯ್ಯಲು ಯಾರೂ ಕರೆಯುವುದಿಲ್ಲ. ಅಪ್ಪನಿಗೆ ಸುತ್ತಲ ಊರುಗಳಿಂದ ಹರಕೆಯ ಕರೆ ಬರುತ್ತಿತ್ತು, ಅದೇ ಅವನ ಮರ್ಯಾದೆ. ಆ ಚಳಿಗಾಲದಲ್ಲಿ ತಂದ ಒಂದು ಆಡು ಎಷ್ಟು ಕೊಬ್ಬಿತ್ತೆಂದರೆ ಒಳಗಿನ ಮರಿ ಅಪ್ಪನ ಕೈಗೆ ಸಿಗಲೇ ಇಲ್ಲ. ಕೊಯ್ದ ಮೇಲೆ ಸಿಕ್ಕಿತು. ಮೈತುಂಬ ಕೂದಲು ಬಂದಿತ್ತು... ಅಪ್ಪ ಅಲ್ಲೇ ಕೂತುಬಿಟ್ಟ. ಯಾರ ಮುಂದೂ ಬಾಯಿ ಬಿಡಬೇಡ ಎಂದು ಅವ್ವ ತನ್ನ ತಲೆಯ ಮೇಲೆ ನನ್ನ ಕೈ ಇಡಿಸಿಕೊಂಡು ಆಣೆ ಮಾಡಿಸಿದಳು.

ಅಂಗಡಿ ಮುಚ್ಚಿದ್ದು ಕಂಡು ಸರ್ ವಿಚಾರಿಸಲು ಮನೆಗೇ ಬಂದರು. ಅಪ್ಪನನ್ನು "ನೀವು" ಎಂದು ಮಾತಾಡಿಸುತ್ತಿದ್ದ ಕಲಿತ ಮನುಷ್ಯ ಅವರೊಬ್ಬರೇ. ಅಪ್ಪ ಅವರ ಮುಂದೆ ಎಲ್ಲ ಹೇಳಿ ಅತ್ತ. ಆಮೇಲೆ ತಾನಾಗಿಯೇ, "ಹ್ಯಾಂಗೂ ಮಣ್ಣಿಗೆ ಹೋಗೂದೈತಿ ಸರ್ರ, ಹುಡುಗರು ಏನರ ಕಲಿಯೂದಿದ್ರ ಒಯ್ರಿ," ಎಂದ. ಆ ವಿಭೂತಿಯ ಮನುಷ್ಯ ಮರಿಯನ್ನೂ ತಾಯಿ ಆಡಿನ ಒಂದಿಷ್ಟು ಕೊಬ್ಬನ್ನೂ ತಮ್ಮ ಟವೆಲ್ಲಿನಲ್ಲೇ ಸುತ್ತಿಕೊಂಡು ಹೋದರು.

ಅಂದು ಲ್ಯಾಬಿನಲ್ಲಿ ಕಂದು ಕೊಬ್ಬು ಕಂಡೆವು. ಹಾಲು ಕಡಿಮೆ ಹಾಕಿದ ಚಹಾದ ಬಣ್ಣ. ಪಕ್ಕದ ತಟ್ಟೆಯಲ್ಲಿ ತಾಯಿ ಆಡಿನ ಬಿಳಿ ಕೊಬ್ಬು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ಇದು ಎಲ್ಲಿಂದ ಬಂತು ಸರ್ ಎಂದು ಯಾರೋ ಕೇಳಿದರು. ಸರ್ ಖುಷಿಯಿಂದ ನನ್ನ ಕಡೆ ಕೈ ತೋರಿಸಿದರು. ನನ್ನ ತಂದೆಯ ಹೆಸರು ಹೇಳಿದರು, ಅಂಗಡಿ ಹೇಳಿದರು, ಆಡಿನ ಕಥೆಯನ್ನೂ ಹೇಳಿದರು. ಅಂಥ ದೊಡ್ಡ ಮನಸ್ಸಿನವರಿಗೆ ಚಪ್ಪಾಳೆ ಹೊಡೆಯಿರಿ ಎಂದರು. ಹುಡುಗರು ಹೊಡೆದರು. ಮಾಂಸವನ್ನೇ ಮುಟ್ಟದ ಮನೆಯಲ್ಲಿ ಹುಟ್ಟಿದ ಸರ್ ಅವರಿಗೆ ಕೊಯ್ಯುವವರ ರಿವಾಜು ಎಲ್ಲಿ ಗೊತ್ತಿರಬೇಕು! ಆ ಚಪ್ಪಾಳೆ ಮುಗಿಯುವಷ್ಟರಲ್ಲಿ ನನಗೆ ಸತ್ತರೆ ಸಾಕೆನಿಸಿತ್ತು.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಹರಕೆಯ ಕರೆ ನಿಂತಿತು. ಅಂಗಡಿ ತೆರೆದರೂ ಗಿರಾಕಿಗಳು ಮುಂದಿನ ಅಂಗಡಿಗೆ ನಡೆದರು. ಸುದ್ದಿ ತಿಳಿದು ಸರ್ ಬಂದು ಅಪ್ಪನ ಮುಂದೆ ಕೈ ಮುಗಿದು ನಿಂತರು. ಅಪ್ಪ ಅವರ ಕೈ ಹಿಡಿದು ಕೂರಿಸಿದ. ಬೈಯಬೇಕಿತ್ತು ಎಂದು ನನಗೆ ಸಿಟ್ಟು.

ಮುಂದಿನ ಐತವಾರದಿಂದ ಅವರು ಪೇಪರ್ ಹಿಡಿದುಕೊಂಡು ಬಂದು ಅಂಗಡಿಯ ಮುಂದಿನ ಹಲಗೆಯ ಮೇಲೆ ಕೂತುಕೊಳ್ಳತೊಡಗಿದರು. ನೀವು ಇಲ್ಲಿ ಹೇಗೆ ಸರ್ ಎಂದು ನಿಂತವರಿಗೆಲ್ಲ ಪಾಠ. "ಅಷ್ಟು ಕೊಬ್ಬಿದ ಆಡಿನಾಗ ಮರಿ ಯಾರ ಕೈಗೂ ಸಿಗಂಗಿಲ್ರೀ, ಇವರದೇನು ತಪ್ಪು?" ಮಟನ್ ಬೇಡವೆಂದು ಹೊರಟವರೂ ಬಿಳಿ ಕೊಬ್ಬು, ಕಂದು ಕೊಬ್ಬು ಕಲಿತು ಹೋದರು. ಆ ಬೇಸಿಗೆ ಮುಗಿಯುವಷ್ಟರಲ್ಲಿ ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು. ಆದರೆ ಮಟನ್ ಅಂಗಡಿಯಲ್ಲಿ ಕೂರುವ ಮಾಸ್ತರರಿಗೆ ಮನೆ ಇಲ್ಲವೆಂದು ಖೋಲಿಯ ಮಾಲೀಕರು ಅವರನ್ನು ಬಿಡಿಸಿದರು. ಅವರು ಶಹಾಪುರಕ್ಕೆ ಹೋಗಿ ಅಲ್ಲಿಂದಲೇ ಬಸ್ಸಿನಲ್ಲಿ ಓಡಾಡಿದರು. ನಾನು ಮಾತ್ರ ಅವರು ಹಲಗೆಯ ಮೇಲಿದ್ದರೆ ಹಿತ್ತಲ ಬಾಗಿಲಿಂದ ಹೋಗುತ್ತಿದ್ದೆ. ಅವರು ಬಾಯಿ ಬಿಟ್ಟಷ್ಟೂ ನಮ್ಮ ವಿಷಯ ಊರಲ್ಲಿ ಜೀವಂತ ಇರುತ್ತದೆ ಎಂಬ ನಾಚಿಕೆ. ಕಾಲೇಜಿನಲ್ಲೂ ಅವರ ಎದುರು ಬೀಳದೆ, ಪಿಯುಸಿ ಮುಗಿದದ್ದೇ ನರ್ಸಿಂಗ್ ಕಲಿಯಲು ಊರು ಬಿಟ್ಟೆ.

ಹೋದ ವರ್ಷ ಸರ್ ತೀರಿಕೊಂಡರು. ಮೊದಲು ಸಕ್ಕರೆ ಕಾಯಿಲೆ, ಆಮೇಲೆ ಹೃದಯ. ತಿಳಿದ ಮೇಲೆ ಅವರ ಮನೆಯವರನ್ನು ಮಾತಾಡಿಸಲು ಶಹಾಪುರಕ್ಕೆ ಹೋದೆ. ಪಡಸಾಲೆಯ ತುಂಬ ಅವರ ಬಳಗ ಕೂತಿತ್ತು. ಸರ್ ಅವರ ಹೆಂಡತಿ ಚಹಾ ಕೊಡಿಸಿ, ಯಾವೂರು ಎಂದು ಕೇಳಿದರು. ಸುರಪುರ, ಸರ್ ಕೈಯಲ್ಲಿ ಕಲಿತಾಕೆ ಎಂದೆ.

"ಹೌದೇನವ್ವಾ? ಅಲ್ಲಿ ಮಟನ್ ಅಂಗಡಿಯವರ ಮಗಳೊಬ್ಬಾಕಿ ಇದ್ದಳಂತ. ಸುರಪುರದವರು ಯಾರ ಬರಲಿ, ಆಕಿ ಏನಾದಳು ಅಂತ ಕೇಳತಿದ್ರು. ಅಪ್ಪನ ಮುಂದ ತಪ್ಪಾತು ಅಂದೆ, ಆ ಹುಡುಗೀ ಮುಂದ ಅನ್ನೋದು ಉಳೀತು ಅಂತಿದ್ರು. ನಿನಗೇನರ ಗೊತ್ತೈತೇನು?"

ಪಡಸಾಲೆಯಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು.

"ಗೊತ್ತಿಲ್ರೀ ಅಮ್ಮಾರ," ಎಂದೆ.

ಈಗಲೂ ಹೋಗಿ ಹೇಳಬಹುದು, ಶಹಾಪುರ ಎಷ್ಟು ದೂರ. ಆ ಅಮ್ಮಾರು ಬೈಯುವವರೂ ಅಲ್ಲ. ಆದರೆ ಕೇಳುತ್ತಿದ್ದ ಸರ್ ಇಲ್ಲ. ಏನಾದಳು ಎಂದು ಅಷ್ಟು ವರ್ಷ ಅವರು ಊರವರ ಹತ್ತಿರವೆಲ್ಲ ವಿಚಾರಿಸುತ್ತಿದ್ದ ಆ ಹುಡುಗಿ ಅವರ ಮನೆಯಲ್ಲೇ, ಅವರ ಫೋಟೋದ ಮುಂದೆ ಕೂತು ಚಹಾ ಕುಡಿದು ಎದ್ದು ಬಂದಳು.